ಹಾಜರಿ ಪುಸ್ತಕಕ್ಕೆ ಬಂದ ಐದು ಹೆಸರು

ನೂಲು ಕಡಿದರೆ ಪದ್ಮಾವತಿ ಕಾಕು ಎಡಗೈಯೊಂದರಿಂದಲೇ ಗಂಟು ಹಾಕುತ್ತಿದ್ದರು. ಬಲಗೈಯಲ್ಲಿ ಚಹಾದ ಬಸಿ ಇರುತ್ತಿತ್ತು. ಕಣ್ಣು ಪಕ್ಕದ ಮಗ್ಗದ ಮೇಲೆ.

ಬೋರಗಾಂವದಲ್ಲಿ ನಮ್ಮ ಮನೆಯ ಹಿಂದೆಯೇ ಅವರ ಪವರ್‌ಲೂಮ್ ಶೆಡ್ಡು. ಗಂಡ ತೀರಿಕೊಂಡ ಮೇಲೆ ಎಂಟು ಮಗ್ಗವನ್ನು ಹದಿನಾರು ಮಾಡಿದವರು, ಓದಿದ್ದು ನಾಲ್ಕನೇ ಇಯತ್ತೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಕಾಂ. ಮುಗಿಸಿ ಊರಿಗೆ ಬಂದಾಗ ಹಾಜರಿ ಪುಸ್ತಕ ಬರೆಯಲು ಕರೆದರು. “ಅಕ್ಷರ ಚಂದ ಅದಾವು ಅಂತಲ್ಲ ತಂಗಿ, ನೀ ಮಾತ ಕಡಿಮಿ ಆಡ್ತಿ ಅಂತ,” ಎಂದರು.

ಪುಸ್ತಕದಲ್ಲಿ ಇದ್ದದ್ದು ಹದಿನಾರು ನೇಕಾರರು, ಎಲ್ಲರೂ ಗಂಡಸರು. ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದ ಐವರು ಹೆಂಗಸರ ಹೆಸರು ಇರಲಿಲ್ಲ. ಅವರ ಕೂಲಿ ಗಂಡಂದಿರ ಪಗಾರದಲ್ಲೇ ಸೇರಿಹೋಗುತ್ತಿತ್ತು. ನಮ್ಮ ಭಾಗದ ಎಲ್ಲ ಶೆಡ್ಡುಗಳ ರೂಢಿ ಅದೇ.

ಒಂದು ದಿನ ಆ ಐವರಲ್ಲಿ ಒಬ್ಬಳಾದ ಸುಂದ್ರವ್ವನ ಗಂಡ ತೀರಿಕೊಂಡ. ನಾನು ಅವನ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದಾಗ ಕಾಕು ಕೈ ಅಡ್ಡ ಇಟ್ಟರು.

“ಅಂವ ಹ್ವಾದ. ಸುಂದ್ರಿ ಕೆಲಸಕ್ಕ ಬರ್ತಾಳ. ಯಾರ ಹೆಸರಿನ ಮ್ಯಾಲ ಬರ್ತಾಳ?”

ಹನ್ನೊಂದು ವರ್ಷ ದುಡಿದವಳು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. “ಐದೂ ಮಂದಿ ಹೆಸರ ಬರಿ,” ಎಂದರು. ನಾನು ಲೆಕ್ಕ ಹೇಳಿದೆ: ಸುಂದ್ರವ್ವನ ಗಂಡನ ಜಾಗಕ್ಕೆ ಬರುವವನೂ ಸೇರಿದರೆ ಇಪ್ಪತ್ತೊಂದು ಜನ, ಇಪ್ಪತ್ತು ಮುಟ್ಟಿದರೆ ಎಲ್ಲರ ಪಿ.ಎಫ್. ತಿಂಗಳು ತಿಂಗಳು ಕಟ್ಟಬೇಕು. “ಕಟ್ಟೂಣು,” ಎಂದರು.

ಪಕ್ಕದ ಶೆಡ್ಡಿನ ಅಣ್ಣಾಸಾಬ ಓಡಿ ಬಂದ. “ತೆಲಿ ಕೆಟ್ಟೈತೇನ್ರಿ ಕಾಕು? ನಡುವ ಒಂದ ಗ್ವಾಡಿ ಕಟ್ರಿ, ಅರ್ಧಾ ಶೆಡ್ಡ ಮಗಳ ಹೆಸರಿಗಿ ಮಾಡ್ರಿ. ಎರಡೂ ಕಡಿ ಇಪ್ಪತ್ತರ ಒಳಗ ಉಳೀತಾರ. ನಾ ಮಾಡಿಲ್ಲೇನು?”

“ನಿನ್ನ ಗ್ವಾಡಿ ನೋಡೇನೊ ತಮ್ಮಾ. ಎರಡೂ ಕಡಿಗಿ ಬಾಗಲಾ ಒಂದ ಐತಿ!”

ನೇಕಾರ ಭರಮು ಕೂಡ ಜಗಳಕ್ಕೆ ನಿಂತ. “ನನ್ನ ಪಗಾರದಾಗ ಯಾಕ ಕಡೀತೀರಿ?”

“ನಿನಗ ಕಡದಷ್ಟ ನಾನೂ ಹಾಕ್ತೀನಿ. ಕೈಯಾಗ ಕೊಟ್ಟರ ಸಂತ್ಯಾಗ ನುಂಗ್ತಿ. ಮುದುಕ ಆದಮ್ಯಾಲ ಯಾರ ಕೊಡ್ತಾರ, ನಿಮ್ಮಪ್ಪ?” ಶೆಡ್ಡೆಲ್ಲ ನಕ್ಕಿತು. ಭರಮೂ ನಕ್ಕ.

ಪ್ರತಿ ತಿಂಗಳು ಹದಿನೈದನೇ ತಾರೀಖಿನೊಳಗೆ ಪಿ.ಎಫ್. ಕಟ್ಟಲು ನಾವಿಬ್ಬರೂ ಬಸ್ಸಿನಲ್ಲಿ ನಿಪ್ಪಾಣಿಯ ಬ್ಯಾಂಕಿಗೆ ಹೋಗುತ್ತಿದ್ದೆವು. ಒಂದು ಮಳೆಗಾಲ ಇಚಲಕರಂಜಿಯ ವ್ಯಾಪಾರಿ ಬಟ್ಟೆ ಎತ್ತಲಿಲ್ಲ, ಹಣ ಬರಲಿಲ್ಲ. ಈ ಸಲ ಕಟ್ಟುವುದು ತಡವಾದರೂ ನಡೆದೀತು ಎಂದೆ. ಕಾಕು ನನ್ನನ್ನು ಗದರಿದ್ದು ಅದೊಂದೇ ಸಲ. “ಅವರ ಪಗಾರದಾಗ ಕಡದದ್ದು ನನ್ನ ರೊಕ್ಕ ಅಲ್ಲ. ನನ್ನ ಕಡೆ ಇಟ್ಕೊಂಡ್ರ ಕಳವು ಆಗ್ತೈತಿ ಬೇ.” ಆ ತಿಂಗಳ ಚಲನ್ ತುಂಬುವಾಗ ನನ್ನ ಅಕ್ಷರ ಎಂದಿಗಿಂತ ನೆಟ್ಟಗಿತ್ತು. ಅಂಥವರ ಶೆಡ್ಡಿನ ಗುಮಾಸ್ತೆ ನಾನು ಎಂದು ಬ್ಯಾಂಕಿನ ಸಾಲಿನಲ್ಲಿ ನಿಂತು ಹೆಮ್ಮೆಪಟ್ಟೆ. ಯಾರಿಗೂ ಹೇಳಲಿಲ್ಲ.

ಕೆಲವು ವರ್ಷಗಳ ನಂತರ ಸುಂದ್ರವ್ವ ಕಣ್ಣು ಮಂಜಾಗಿ ಕೆಲಸ ಬಿಟ್ಟಳು. ಅವಳ ಪಿ.ಎಫ್. ಹಣ ಬರಲು ಅರ್ಜಿಗೆ ಮಾಲೀಕರ ಸಹಿ ಬೇಕಿತ್ತು. ಕಾಕು ಆಗ ಹಾಸಿಗೆ ಹಿಡಿದಿದ್ದರು. ಅವರ ಮಗಳು ಊರಿಗೆ ಬಂದಿದ್ದಳು. ಅವಳು, “ಅವ್ವಗ ತ್ರಾಸ ಕೊಡಬ್ಯಾಡ್ರಿ, ಆರಾಮ ಆಗಲಿ,” ಎಂದಳು. ಒಳಗಿನಿಂದ ಕಾಕು ಕೂಗಿದರು: “ನನಗ ಆರಾಮ ಆಗೂತನಕ ಸುಂದ್ರಿ ಉಪಾಸ ಇರಬೇಕೇನು? ತಾ ಇಲ್ಲೆ.”

ದಿಂಬಿಗೆ ಒರಗಿಸಿ ಕೂರಿಸಿದೆವು. ಒಂದೊಂದೇ ಅಕ್ಷರ ಕೂಡಿಸಿ, ನಡುವೆ ಎರಡು ಸಲ ಉಸಿರು ತೆಗೆದುಕೊಂಡು, ಪೂರ್ತಿ ಹೆಸರು ಬರೆದರು. “ಓದಾಕ ಬರ್ತೈತೇನು?” ಎಂದು ಕೇಳಿದರು. ಬರುತ್ತದೆ ಎಂದೆ.

ಅದೇ ಮಧ್ಯಾಹ್ನ ಅವರು ಹೋದರು. ಹೊತ್ತು ಮುಳುಗುವ ಮೊದಲು ಅಂತ್ಯಕ್ರಿಯೆಯೂ ಮುಗಿಯಿತು.

ಮರುದಿನ ಬೆಳಗ್ಗೆ ಕಾಕು ಮನೆಗೆ ಮಗಳನ್ನು ಮಾತನಾಡಿಸಲು ಜನ ಬರುತ್ತಿದ್ದರು. ನಾನು ಮೊದಲ ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ, ಅಂಚೆ ಕಚೇರಿ ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತು, ಸುಂದ್ರವ್ವನ ಅರ್ಜಿಯನ್ನು ರಜಿಸ್ಟರ್ ಮಾಡಿ ಕಳಿಸಿದೆ.