ಕಾಲುಗಳನ್ನು ಮಾತಾಡಿಸುತ್ತಿದ್ದ ಚಿಕ್ಕತಾಯಮ್ಮತ್ತೆ

ನಮ್ಮ ಚಿಕ್ಕತಾಯಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಮನುಷ್ಯರನ್ನಲ್ಲ, ಅವರ ಕಾಲುಗಳನ್ನು. ನೀವು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೀರಿ ಎನ್ನಿ. ಆಕೆ ನಿಮ್ಮ ಮುಖದ ಕಡೆ ನೋಡುವುದೇ ಇಲ್ಲ. ಸೀದಾ ಕೆಳಗೆ ಕುಕ್ಕರಿಸಿ, "ಏನಪ್ಪ ಬಲಗಾಲಣ್ಣ, ಸೊರಗೋಗಿದ್ದೀಯಲ್ಲ. ಇವ್ನು ನಿನ್ನ ಸಂದಾಗಿ ನೋಡ್ಕತಾನೋ ಇಲ್ವೋ?" ಎಂದು ವಿಚಾರಿಸುತ್ತಿದ್ದಳು. ಕಾಲಿನ ಮಾಲೀಕ ನಡುವೆ ಬಾಯಿ ಹಾಕಿದರೆ, "ನೀ ಸುಮ್ಕಿರ್ಲಾ, ನಿನ್ನ ಯಾರು ಕೇಳ್ದೋರು" ಎಂದು ಗದರುತ್ತಿದ್ದಳು. ಹುಣಸೂರಿನಿಂದ ಬಂದ ಪೊಲೀಸಪ್ಪನಿಗೂ ಇದೇ ಮರ್ಯಾದೆ.

ಆಕೆ ನನ್ನ ಅಪ್ಪನ ತಂಗಿ. ಕಟ್ಟೆಮಳಲವಾಡಿಯಲ್ಲಿ ನಮ್ಮದೂ ಅವಳದೂ ಒಂದೇ ಗೋಡೆಯ ಮನೆಗಳು. ಮೊರದಂಥ ಅಗಲದ ಅಂಗೈ, ದಪ್ಪ ಹೆಬ್ಬೆರಳು, ಸೊಂಟದಲ್ಲಿ ಸದಾ ಹರಳೆಣ್ಣೆಯ ಪುಟ್ಟ ಶೀಷೆ. ಹೊಗೆಸೊಪ್ಪಿನ ಕಾಲ ಬಂತೆಂದರೆ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮುಂದೆ ದಿನವಿಡೀ ನಿಂತು ಸೊಪ್ಪು ಕಟ್ಟಿದವರೆಲ್ಲ ಸಂಜೆ ಅವಳ ಜಗಲಿಗೆ ಬಂದು ಬೀಳುತ್ತಿದ್ದರು. ಪಾದದಿಂದ ಹಿಡಿದು ತೊಡೆಯವರೆಗೆ, ಮೇಲ್ಮುಖವಾಗಿ, ಎಳೆದೆಳೆದು ತಿಕ್ಕುವುದು ಅವಳ ಕ್ರಮ. "ಕೆಟ್ಟ ರಕ್ತ ಅನ್ನೋನು ಸೋಮಾರಿ ಕಣ್ಲಾ. ಕೆಳಗೆ ಓಗಿ ಕುಂತ್ಕತಾನೆ. ಎಬ್ಬಿಸಿ ಮ್ಯಾಕೆ ಅಟ್ಟಬೇಕು" ಎನ್ನುವುದು ಅವಳ ಸಿದ್ಧಾಂತ. ಕೈಗೆ ಸಿಕ್ಕ ಗಂಡಸರು ಅಯ್ಯೋ ಅಪ್ಪಾ ಎಂದು ಕೂಗಿಕೊಳ್ಳುತ್ತಿದ್ದರು. ಮಾರನೆಯ ದಿನ ಮತ್ತೆ ಬರುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಲಾಂಗ್ ಜಂಪಿನಲ್ಲಿ ಹೇಗೆ ಬೀಳಬಾರದು ಎಂದು ಮಕ್ಕಳಿಗೆ ತೋರಿಸಲು ಹೋಗಿ, ಹಾಗೆಯೇ ಬಿದ್ದು ಎಡಗಾಲಿನ ಹರಡು ಮುರಿದುಕೊಂಡೆ. ಒಂದೂವರೆ ತಿಂಗಳು ಪ್ಲಾಸ್ಟರ್. ನನಗಿಂತ ಹೆಚ್ಚು ಕಷ್ಟಪಟ್ಟವಳು ಅತ್ತೆ. ಜೈಲಿನಲ್ಲಿರುವ ನೆಂಟನನ್ನು ನೋಡಲು ಬಂದವಳ ಹಾಗೆ ದಿನಾ ಬೆಳಿಗ್ಗೆ ಬಂದು, ಪ್ಲಾಸ್ಟರನ್ನು ಬೆರಳಿನಿಂದ ಕುಟ್ಟಿ, "ಒಳಗಿದ್ದೀಯೇನಪ್ಪ ಎಡಗಾಲಣ್ಣ? ತಡ್ಕೊ, ನಾ ಬುಡಿಸ್ಕತೀನಿ" ಎಂದು ಧೈರ್ಯ ಹೇಳಿ ಹೋಗುತ್ತಿದ್ದಳು. ನನ್ನ ಹೆಂಡತಿ ಮಂಜುಳ ನಕ್ಕು ನಕ್ಕು ಕಾಫಿ ಚೆಲ್ಲುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ಕೆಲವೇ ದಿನಕ್ಕೆ ಎಡಗಾಲಿನ ಮೀನಖಂಡ ಊದಿಕೊಂಡಿತು. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಡಾಕ್ಟರಿಗೆ ತೋರಿಸೋಣ ಎಂದು ಮಂಜುಳ ಅಂದಳು. ನಾನೇ, ಕಟ್ಟು ಬಿಚ್ಚಿದ ಮೇಲೆ ಇವೆಲ್ಲ ಇದ್ದದ್ದೇ ಎಂದೆ. ಅಷ್ಟರಲ್ಲಿ ಶೀಷೆ ಬಿರಡೆ ತೆಗೆದು ಅತ್ತೆ ಬಂದು ಕೂತೇಬಿಟ್ಟಳು. ಅಷ್ಟು ದಿನ ಕಾದಿದ್ದವಳು, ಒಂದು ಮಧ್ಯಾಹ್ನವಿಡೀ ಹಬ್ಬ ಮಾಡಿದಳು. "ಓಗು, ಮ್ಯಾಕೆ ಓಗು, ಸೋಮಾರಿ ನನ್ಮಗ್ನೆ" ಎಂದು ರಕ್ತವನ್ನು ಬೈಯುತ್ತ, ಹಾಡುತ್ತ, ತಿಕ್ಕಿದಳು.

ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನನಗೆ ಉಸಿರು ಸಾಲದಾಯಿತು. ಉಸಿರು ಎಳೆದರೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ. ಮೈದಾನದ ಆ ತುದಿಗೆ ಕೇಳುವಂತೆ ಸೀಟಿ ಊದುವ ಮೇಷ್ಟ್ರಾದ ನಾನು ಹೊಸ್ತಿಲ ಮೇಲೆ ಕೂತು ಬಾಯಿ ಬಾಯಿ ಬಿಡುತ್ತಿದ್ದೆ. ಮಂಜುಳ ಕಾರು ತರಿಸಿದಳು. ಹೊರಟ ಕಾರಿಗೆ ಅತ್ತೆಯೂ ಹತ್ತಿದಳು.

ಮೈಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯ ಹಾಗಿದ್ದರು. ಬಂದವರೇ ಪ್ಯಾಂಟು ಮೇಲೆತ್ತಿಸಿ ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಈವಮ್ಮ ನಮ್ ಪೈಕಿ ಕಣೇ" ಎಂದು ಅತ್ತೆ ಮಂಜುಳನ ಕಿವಿಯಲ್ಲಿ ಅಂದದ್ದು ಆಕ್ಸಿಜನ್ ಮಾಸ್ಕಿನ ಒಳಗಿದ್ದ ನನಗೂ ಕೇಳಿಸಿತು. ಕಾಲಿಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಆಮೇಲೆ ಎದೆಗೆ ಸಿ.ಟಿ. ಅದಕ್ಕೆಂದು ಕೊಟ್ಟ ಇಂಜೆಕ್ಷನ್ನಿಗೆ ಮೈಯೆಲ್ಲ ಬೆಚ್ಚಗಾಗಿ, ಚಡ್ಡಿಯಲ್ಲೇ ಮಾಡಿಕೊಂಡೆ ಅಂತ ನಾಚಿ ಕೈಯಿಂದ ಮುಟ್ಟಿ ನೋಡಿಕೊಂಡೆ. ಒಣಗಿಯೇ ಇತ್ತು. ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಎಂದು ನರ್ಸ್ ನಕ್ಕಳು.

"ಪ್ಲಾಸ್ಟರಿನಲ್ಲಿ ಅಲುಗಾಡದೆ ಇದ್ದು ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದರದ್ದೊಂದು ಚೂರು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದೆ" ಎಂದರು ಡಾಕ್ಟರಮ್ಮ. "ಕಾಲೇನಾದರೂ ತಿಕ್ಕಿಸಿಕೊಂಡ್ರಾ?"

ನಾನೂ ಮಂಜುಳನೂ ಗೋಡೆ ನೋಡಿದೆವು.

"ನಾನೇ ಕಣವ್ವ ತಿಕ್ದೋಳು" ಎಂದಳು ಅತ್ತೆ. "ನಾನೇ ಮ್ಯಾಕೆ ಅಟ್ದೋಳು."

"ತಿಕ್ಕದೇ ಇದ್ದರೂ ಹೋಗಬಹುದಿತ್ತು ಅಮ್ಮ. ನಿಮ್ಮಿಂದಲೇ ಅಂತ ಹೇಳೋಕಾಗಲ್ಲ. ಆದರೆ ಇಂಥ ಕಾಲು ತಿಕ್ಕಬಾರದು."

ಅತ್ತೆಯ ಕಿವಿಗೆ ಹೋದದ್ದು ಕೊನೆಯ ಮಾತು ಮಾತ್ರ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು. ನನಗೆ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟರು, ಆಮೇಲೆ ಆರು ತಿಂಗಳಿಗೆ ಮಾತ್ರೆ ಬರೆದರು. ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲವಂತೆ, ಬೆಳೆಯದ ಹಾಗೆ ತಡೆಯುತ್ತದಂತೆ. ಕರಗಿಸಿಕೊಳ್ಳುವುದು ಮೈಯ ಕೆಲಸ. ನನ್ನ ಮೈ ಆ ಕೆಲಸಕ್ಕೆ ಇಳಿಯಿತು. ಅತ್ತೆಯ ಕೈ ಮಾತ್ರ ಸೆರಗಿನಿಂದ ಹೊರಗೆ ಬರಲಿಲ್ಲ.

ಅದು ಹೊಗೆಸೊಪ್ಪಿನ ಕಾಲ. ಊರಿನ ಅರ್ಧ ಜನ ಕುಂಟತೊಡಗಿದರು. ಅತ್ತೆಯ ಜಗಲಿಗೆ ಹೋದವರಿಗೆಲ್ಲ ಒಂದೇ ಉತ್ತರ: "ನನ್ ಕೈ ಸರಿಯಿಲ್ಲ, ಓಗ್ರಪ್ಪ." ಹಾಗಾಗಿ ನನ್ನ ಉಸಿರು ಇಡೀ ಊರಿನ ಆಸ್ತಿಯಾಯಿತು. ನಾನು ಗುಣವಾದರೆ ಆಕೆ ಗುಣವಾಗುತ್ತಾಳೆ ಎಂಬುದು ಅವರ ಲೆಕ್ಕ. "ಮೇಷ್ಟ್ರೇ, ಬಿರ್‍ರನೆ ಉಸಾರಾಗಿ, ನಮ್ ಸೊಂಟ ಓಯ್ತು" ಎಂದು ಗೋಗರೆದರು. ಅರಳಿಕಟ್ಟೆಯ ಬಳಿ ನಿಲ್ಲಿಸಿ ಸೀಟಿ ಊದಿಸಿ ಪರೀಕ್ಷೆ ಮಾಡಿದರು. ಜೋರಾಗಿ ಊದಿದ ದಿನ ಚಪ್ಪಾಳೆ ತಟ್ಟಿದರು.

ಅತ್ತೆಯೂ ದಿನಾ ಬಂದು ವಿಚಾರಿಸುತ್ತಿದ್ದಳು. "ಎಂಗಿದ್ದೀಯಪ್ಪ? ಮಾತ್ರೆ ನುಂಗ್ದಾ?" ಎಂದು ನನ್ನ ಮುಖವನ್ನೇ ನೋಡಿ ಕೇಳುತ್ತಿದ್ದಳು. ಹುಟ್ಟಿದಾಗಿನಿಂದ ಆಕೆ ನನ್ನನ್ನು ಮುಖ ನೋಡಿ ಮಾತಾಡಿಸಿದ್ದು ಅದೇ ಮೊದಲು. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಪಕ್ಕೆ ನೋವಿಗಿಂತ ಅದು ಹೆಚ್ಚು ನೋಯಿಸಿತು.

ಆರು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನಿಗೆ ಹೋಗುವಾಗ ಜೊತೆಗೆ ಯಾರೂ ಇಲ್ಲ ಎಂದು ಸುಳ್ಳು ಹೇಳಿ ಅತ್ತೆಯನ್ನು ಹೊರಡಿಸಿದೆ. ಡಾಕ್ಟರಮ್ಮನಿಗೆ ಊರಿನ ಕುಂಟುವ ಕಥೆಯನ್ನೆಲ್ಲ ಹೇಳಿದೆ. ಅವರು ಅತ್ತೆಯನ್ನು ಸ್ಕ್ರೀನಿನ ಮುಂದೆ ಕೂರಿಸಿದರು. "ಇಲ್ಲಿ ನೋಡಿ, ಈ ಕಪ್ಪು ಉಂಗುರ ಇದೆಯಲ್ಲ, ಅದೇ ನಾಳ. ಹೆಪ್ಪು ಇದ್ದರೆ ಒತ್ತಿದರೂ ಮುಚ್ಚಿಕೊಳ್ಳಲ್ಲ. ಈಗ ಒತ್ತುತೀನಿ, ನೋಡಿ." ಉಂಗುರ ಮುಚ್ಚಿತು. ಬಿಟ್ಟರು, ತೆರೆಯಿತು. ಮತ್ತೆ ಮುಚ್ಚಿತು.

ಅತ್ತೆ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದಳು. "ಕಣ್ ಒಡೀತಾವ್ನೆ ಕಣವ್ವ" ಎಂದಳು. "ನನ್ನ ನೋಡಿ ಕಣ್ ಒಡೀತಾವ್ನೆ."

ಡಾಕ್ಟರಮ್ಮ ನಕ್ಕ ರಭಸಕ್ಕೆ ಕೈಯಲ್ಲಿದ್ದ ಸ್ಕ್ಯಾನಿನ ಹಿಡಿಕೆ ಜಾರಿ ಜೆಲ್ಲೆಲ್ಲ ನನ್ನ ಪ್ಯಾಂಟಿಗೆ ಮೆತ್ತಿತು. ಸುಧಾರಿಸಿಕೊಂಡು, ಇನ್ನು ತಿಕ್ಕಬಹುದು ಎಂದರು. ಆದರೆ ಮೊದಲು ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಂದು ಹನಿ ಎಣ್ಣೆಯೂ ಹಚ್ಚದೆ ಆಸ್ಪತ್ರೆಗೆ ಅಟ್ಟಬೇಕು. "ಅಟ್ಟೋದ್ರಲ್ಲಿ ನಾನು ಜೋರು ಕಣವ್ವ" ಎಂದಳು ಅತ್ತೆ.

ಮನೆಗೆ ಬಂದು ಶೀಷೆ ಹಿಡಿದು ನನ್ನ ಕಾಲ ಬಳಿ ಕೂತಳು. ಎರಡನ್ನೂ ಜೋಡಿಸಿ ನೋಡಿದಳು. ಬಹಳ ಹೊತ್ತು ಕೈ ಹಚ್ಚಲಿಲ್ಲ.

"ತಪ್ಪಾಯ್ತು ಕಣಪ್ಪ ಎಡಗಾಲಣ್ಣ" ಎಂದಳು. "ನೀ ಒಳಗೊಳಗೆ ನೋಯ್ತಾ ಇದ್ದೆ. ನಂಗೆ ಕೇಳಿಸ್ನಿಲ್ಲ."

"ಅತ್ತೆ, ನಾನು ಎಡಗಾಲು ಮಾತಾಡ್ತಿದ್ದೀನಿ. ಪರವಾಗಿಲ್ಲ, ಹಚ್ಚು" ಎಂದೆ.

"ನೀ ಸುಮ್ಕಿರ್ಲಾ, ನಿನ್ನ ಯಾರು ಕೇಳ್ದೋರು" ಎಂದು ಗದರಿ, ಎಣ್ಣೆ ಸುರಿದುಕೊಂಡಳು.

ಆಮೇಲೆ ಆಕೆಯನ್ನು ಹಿಡಿಯುವವರೇ ಇರಲಿಲ್ಲ. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದಲ್ಲಿ ಒಂದು ಮದುವೆ. ಊಟಕ್ಕೆ ಕೂತವರಲ್ಲಿ ಗಂಡಿನ ಸೋದರಮಾವನ ಒಂದು ಕಾಲು ಮಾತ್ರ ದಪ್ಪಗಿರುವುದು ಅತ್ತೆಯ ಕಣ್ಣಿಗೆ ಬಿತ್ತು. "ಏಳಪ್ಪ, ಎಲೆ ಬುಡು, ಆಸ್ಪತ್ರೆಗೆ ನಡಿ" ಎಂದು ರಟ್ಟೆ ಹಿಡಿದಳು. ಆತ ಒಲ್ಲೆನೆಂದ. ಅತ್ತೆ ಪ್ಯಾಂಟು ಎತ್ತಿದಳು. ಕಾಲ್ಚೀಲದಲ್ಲಿ ಕ್ವಾರ್ಟರ್ ಬಾಟಲಿ ಇತ್ತು. ಆಮೇಲಿನ ಚಿಕಿತ್ಸೆಯನ್ನು ಆತನ ಹೆಂಡತಿಯೇ ನೋಡಿಕೊಂಡಳು.

ಹೋದ ಮಳೆಗಾಲದಲ್ಲಿ ಅತ್ತೆ ನಿದ್ದೆಯಲ್ಲೇ ಹೋದಳು. ಜಗಲಿಯ ಮೇಲೆ ಮಲಗಿಸಿದ್ದರು. ಜನ ಬಂದು ಬಂದು ಮುಖ ನೋಡಿ ಅಳುತ್ತಿದ್ದರು. ನಾನು ಕೆಳಗೆ, ಪಾದದ ಬಳಿ ಕೂತೆ. ಊರಿನವರ ಕಾಲನ್ನೆಲ್ಲ ವಿಚಾರಿಸಿದವಳ ಕಾಲನ್ನು ಯಾರೂ ವಿಚಾರಿಸಿರಲಿಲ್ಲ. ಹಿಮ್ಮಡಿ ಬಿರುಕು ಬಿಟ್ಟಿತ್ತು. ಶೀಷೆ ಅವಳ ಸೊಂಟದಿಂದ ತೆಗೆದು ಕಿಟಕಿಯಲ್ಲಿಟ್ಟಿದ್ದರು. ಅದನ್ನು ತಂದು, ಅವಳು ಮಾಡುತ್ತಿದ್ದ ಹಾಗೆ ಎರಡೂ ಕಾಲುಗಳನ್ನು ಮೊದಲು ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಸಮ ಇದ್ದವು. ಎಣ್ಣೆ ಹಚ್ಚಿದೆ.