ಹುಮನಾಬಾದಿನಿಂದ ಮಗನನ್ನು ಕರೆತಂದ ದಿನ

ನನ್ನ ಮಗ ಶಿವಣ್ಣ ಜೀವಂತ ಬಂದಿದ್ದಾನೆ! ಕಾಶ್ಮೀರದ ಯುದ್ಧದಿಂದ ಕೈಕಾಲು ನೆಟ್ಟಗೆ ಇಟ್ಟುಕೊಂಡು ಬಂದಿದ್ದಾನೆ. ವರ್ಷವಿಡೀ ಕಾಗದ ಬರಲಿಲ್ಲವೆಂದು ಸೊಸೆಯ ಬಳೆ ತೆಗೆಸಲು ಬಂದಿದ್ದ ಬಂಧುಗಳೆಲ್ಲ ಕೇಳಿಸಿಕೊಳ್ಳಲಿ. ಅವರನ್ನು ಅಂದು ಹೊಸ್ತಿಲು ದಾಟಗೊಡಲಿಲ್ಲ, ಸರಿಯಾಗಿಯೇ ಮಾಡಿದೆ.

ಸೋಲಾಪುರದಿಂದ ಬಂದು ಹುಮನಾಬಾದಿನಲ್ಲಿ ಇಳಿಯುತ್ತೇನೆಂದು ಅವನ ತಾರು ಬಂದಿತ್ತು. ಸಂಕ್ರಾಂತಿ ಆಗಿ ಒಂದು ವಾರ. ಐದು ವರ್ಷದ ಮೊಮ್ಮಗಳು ನೀಲಾಳನ್ನು ಕರೆದುಕೊಂಡು ಕಲ್ಯಾಣಿಯಿಂದ ಮುಂಜಾನೆಯ ಮೋಟಾರು ಹತ್ತಿದೆ. ಆರು ಹರದಾರಿ ದಾರಿ, ಎಂಟಾಣೆ ಚಾರ್ಜು. ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎರಡೂ ಕಡೆ ಜೋಳ ತೆನೆ ತುಂಬಿ ನಿಂತಿತ್ತು. "ಮುತ್ಯಾ, ಅಪ್ಪ ಹ್ಯಾಂಗಿದ್ದಾನ?" ಎಂದು ದಾರಿಯುದ್ದಕ್ಕೂ ಕೇಳಿದಳು. ಅವನು ಹೊರಟಾಗ ಅವಳಿಗೆ ಮೂರು ವರ್ಷ.

ಕಾಳಿನ ಪೇಟೆಯ ಎದುರು ಶಿವಣ್ಣ ಇಳಿದ. ನಾನು ತಬ್ಬಿಕೊಂಡು ಅತ್ತುಬಿಟ್ಟೆ. ನೀಲಾ ಮಾತ್ರ ಚೀರಿ ನನ್ನ ಹಿಂದೆ ಅಡಗಿದಳು. ಅವನ ಮೈಮೇಲೆ ಖಾಕಿ ಇತ್ತು. ಹಿಂದಿನ ವರ್ಷ ಖಾಕಿ ತೊಟ್ಟ ಲೂಟಿಕೋರರೇ ಬಂದೂಕು ಹಿಡಿದು ನಮ್ಮ ಓಣಿಗೆ ನುಗ್ಗಿದ್ದರು. ಆ ದಿನವೆಲ್ಲ ಕೂಸು ಜೋಳ ತುಂಬುವ ನೆಲದಡಿಯ ಹಗೇವಿನಲ್ಲಿ ಉಸಿರು ಬಿಗಿಹಿಡಿದು ಕುಳಿತಿತ್ತು.

"ಇಂವ ನಮ್ಮಪ್ಪ ಅಲ್ಲ! ನಾ ಇವನ ಸಂಗಟ ಬರಂಗಿಲ್ಲ!"

ಕಲ್ಯಾಣಿಯ ಮೋಟಾರು ಹೊರಡಲು ನಿಂತಿತ್ತು. "ಎರಡು ಏಟು ಹಾಕಿ ಎತ್ತಿ ಕೂಡಿಸ್ರಿ, ಹೊತ್ತಾಗಾಕತ್ತೈತಿ," ಎಂದ ಡ್ರೈವರು.

"ನೀ ನಡಿಯಪಾ. ಕೂಸಿಗಿ ಯಾರೂ ಕೈ ಹಚ್ಚಂಗಿಲ್ಲ," ಎಂದೆ.

ಮೋಟಾರು ಹೋಯಿತು. ಪೇಟೆಗೆ ಕಾಳು ಹಾಕಿ ಮರಳುತ್ತಿದ್ದ ನಮ್ಮೂರ ಬಂಡಿಯಲ್ಲಿ ನಾನೂ ನೀಲಾಳೂ ಕುಳಿತೆವು. ಶಿವಣ್ಣ ಹಿಂದೆ ನಡೆದ. ಒಂದು ಹರದಾರಿ ಆದ ಮೇಲೆ ಅವಳು ಅವನಿಗೆ ಹುಕುಂ ಮಾಡಿದಳು: "ಬೂಟ ತೆಗಿ."

ತೆಗೆದ.

"ಅಂಗಿ ಬಿಚ್ಚು."

"ಥಂಡಿ ಐತವ್ವಾ."

"ಹಂಗಾರ ಹಂಗ ನಡಕೋತ ಬಾ."

ಗುಂಡಿಗೆ ಜಗ್ಗದ ನನ್ನ ಮಗ ಅಂಗಿ ಬಿಚ್ಚಿದ. ನಾನು ನಗುತ್ತಲೇ ಹೊದ್ದಿದ್ದ ಕಂಬಳಿ, ಗಂಟಿನಲ್ಲಿದ್ದ ಧೋತರ ಎರಡನ್ನೂ ಎಸೆದೆ. ಮರದ ಮರೆಗೆ ಹೋಗಿ ಉಟ್ಟು ಬಂದ.

ರಾಜೇಶ್ವರ ದಾಟುವಾಗ ಅವಳು ಸರಿದು ಜಾಗ ಮಾಡಿದಳು. "ಹತ್ತು. ಖರೆ, ನನಗ ಮುಟ್ಟಬ್ಯಾಡ."

"ಇಲ್ರಿ, ಮುಟ್ಟಂಗಿಲ್ರಿ," ಎಂದು ಶಿವಣ್ಣ ಮೂಲೆಯಲ್ಲಿ ಮುದುಡಿ ಕುಳಿತ. ಊರು ಬರುವವರೆಗೂ ಅವಳು ಅವನ ಮುಖ ನೋಡುತ್ತಲೇ ಇದ್ದಳು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಗಂಡಸರದು ಮೊದಲು ಎಂಬ ರೂಢಿಯನ್ನು ಬದಿಗಿಟ್ಟು, ನನ್ನಾಕೆ, ಸೊಸೆ ಎಲ್ಲರನ್ನೂ ಒಟ್ಟಿಗೇ ಊಟಕ್ಕೆ ಕೂಡಿಸಿದೆ. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ.

ನೀಲಾ ಬಾಯಿ ತುಂಬ ತುತ್ತಿಟ್ಟುಕೊಂಡೇ ಗದರಿದಳು: "ಯವ್ವಾ, ನಮ್ಮಪ್ಪಗ ರೊಟ್ಟಿ ಹಾಕು!"

ಅವನ ಗಂಗಾಳದಲ್ಲಿ ಇನ್ನೂ ಎರಡು ರೊಟ್ಟಿ ಇದ್ದವು. ಸೊಸೆ ಆದರೂ ಹಾಕಿದಳು. ಅವನೂ ಬೇಡವೆನ್ನಲಿಲ್ಲ.