ನರ್ಸಮ್ಮ ಸಾಹೇಬರನ್ನು ನಡೆಸಿದ ದಾರಿ

ಪಾಲಕೋಡ್ ಕಡೆಯಿಂದ ನಮ್ಮ ಕುರುಬರ ಹಟ್ಟಿಗೆ ಒಬ್ಬ ನರ್ಸಮ್ಮ ಬರುತ್ತಿದ್ದರು. ಯಾರು ಏನು ಹೇಳಿದರೂ ಕೊಡೆಯ ತುದಿಯನ್ನು ನೆಲಕ್ಕೆ ಊರಿ, "ನಡ್ದು ನೋಡಾಣ" ಅನ್ನುವುದು ಅವರ ವಾಡಿಕೆ.

ಆ ವರ್ಷ ನಮಗೊಂದು ಹೆರಿಗೆ ಕೇಂದ್ರ ಮಂಜೂರಾಯಿತು. ಆಫೀಸಿನವರು ನಕ್ಷೆ ನೋಡಿ ಹಳ್ಳದ ಆಚೆ, ಬಸ್ಸು ನಿಲ್ಲುವಲ್ಲಿ ಜಾಗ ಗುರುತು ಮಾಡಿದ್ದರು. ಹಿಂದಿನ ವರ್ಷ ನನ್ನ ನಾದಿನಿ ಆಸ್ಪತ್ರೆಗೆಂದು ಬಸ್ಸು ಹಿಡಿಯಲು ಅಲ್ಲಿಗೆ ಹೋಗುವಾಗಲೇ ಹಳ್ಳದ ದಡದಲ್ಲಿ ಹೆತ್ತು, ಕೂಸನ್ನು ಕಳೆದುಕೊಂಡಿದ್ದಳು. ಕೇಂದ್ರ ಮಂಜೂರಾದಾಗ ನಾನು ಏಳು ತಿಂಗಳ ಬಸುರಿ.

ದೊಡ್ಡ ಸಾಹೇಬರು ಜೀಪಿನಲ್ಲಿ ಆ ಜಾಗಕ್ಕೆ ಬಂದು, ನರ್ಸಮ್ಮನಿಗೆ "ಹತ್ರಾನೇ ಐತಲ್ಲಮ್ಮಾ" ಅಂದರಂತೆ.

"ನಡ್ದು ನೋಡಾಣ ಸಾರ್."

ಸುಡುಬಿಸಿಲಿನಲ್ಲಿ ಹಳ್ಳ ಇಳಿಸಿ, ಹತ್ತಿಸಿ, ನರ್ಸಮ್ಮ ಅವರನ್ನು ಹಟ್ಟಿಯವರೆಗೂ ನಡೆಸಿಯೇ ಬಿಟ್ಟರು. ಸಾಹೇಬರು ಬಂಡೆಯ ಮೇಲೆ ಕುಸಿದು ಕೂತರು.

"ಒಟ್ಟೇಲಿ ಕೂಸಿಲ್ದೇನೆ ಇಂಗೆ ಏದುಸ್ರು ಬುಡ್ತೀರಲ್ಲಾ ಸಾರ್!" ಅಂದರು ನಮ್ಮತ್ತೆ. ಹೆಂಗಸರೆಲ್ಲ ನಕ್ಕರು. ಸಾಹೇಬರೂ ನಕ್ಕುಬಿಟ್ಟರು.

"ಸರಿಮ್ಮಾ, ಎಲ್ಲಿ ಬೇಕು?" ಎಂದು ನರ್ಸಮ್ಮನನ್ನು ಕೇಳಿದರು.

"ನನ್ನ ಯಾಕ್ ಕೇಳ್ತೀರಿ ಸಾರ್? ಹೆರೋರನ್ನ ಕೇಳಿ."

ನಾನು ನಮ್ಮ ಉಣ್ಣೆ ತುಂಬುವ ಕೋಣೆಯತ್ತ ಕೈ ತೋರಿಸಿದೆ. ಹಟ್ಟಿಯಲ್ಲೇ ಕಟ್ಟಡ ಕಟ್ಟುವುದು, ಅಲ್ಲಿಯವರೆಗೆ ಈ ಕೋಣೆಯೇ ಕೇಂದ್ರ ಎಂದು ಸಾಹೇಬರು ಕೂತಲ್ಲೇ ಬರೆದುಕೊಟ್ಟರು.

ಎರಡು ತಿಂಗಳಿಗೆ ಅಲ್ಲಿ ಮೊದಲು ಅತ್ತದ್ದು ನನ್ನ ಮಗಳು. ನರ್ಸಮ್ಮ ಕೈ ಒರೆಸುವುದನ್ನೂ ಮರೆತು ಬಾಗಿಲಿಗೆ ಓಡಿ, "ಹೆಣ್ಣು ಕಣ್ರೋ! ಇಬ್ರೂ ಚೆನ್ನಾಗವ್ರೆ!" ಎಂದು ಇಡೀ ಹಟ್ಟಿಗೆ ಕೂಗಿದರು. ಆ ಕೂಸಿನ ಮಕ್ಕಳು ಈಗ ನನ್ನನ್ನು ಬರೆಯಲು ಬಿಡದೆ ತೊಡೆಯೇರಿ ಕುಣಿಯುತ್ತಿದ್ದಾರೆ.